ಎಚ್‌ಐವಿ ಪಾಸಿಟಿವ್ ಅಂತ ಗೊತ್ತಾದ ಮೇಲೆ ಮನಸ್ಸನ್ನು ನಿಭಾಯಿಸುವುದು ಹೇಗೆ: ಹಂತ ಹಂತವಾಗಿ

ರಿಪೋರ್ಟ್ ಪಾಸಿಟಿವ್ ಬಂದ ದಿನ ಎರಡು ಭಯ ಒಟ್ಟಿಗೆ ಬಂದು ಎದೆ ಮೇಲೆ ಕೂರುತ್ತವೆ. ಒಂದು ರೋಗದ ಭಯ. ಎಷ್ಟು ದಿನ ಬದುಕುತ್ತೇನೆ, ಮೈ ಸೊರಗಿಹೋಗುತ್ತದಾ, ಮಕ್ಕಳ ಗತಿ ಏನು? ಇನ್ನೊಂದು ಜನರ ಭಯ. ಗೊತ್ತಾದರೆ ಏನಂತಾರೆ, ಮನೆಯಲ್ಲಿ ಇಟ್ಟುಕೊಳ್ತಾರಾ, ಓನರ್ ಮನೆ ಖಾಲಿ ಮಾಡಿಸ್ತಾರಾ? ಎರಡೂ ಕಲಸಿಕೊಂಡಿರುವುದರಿಂದ ಯಾವುದಕ್ಕೂ ದಾರಿ ಕಾಣುವುದಿಲ್ಲ.

ಇವೆರಡನ್ನೂ ಬೇರೆ ಬೇರೆ ಮಾಡಿಕೊಂಡು ಹಿಡಿಯಬೇಕು ಅನ್ನುವುದೇ ಈ ಬರಹದ ಹಟ. ರೋಗದ ಭಯಕ್ಕೆ ಇವತ್ತು ಗಟ್ಟಿ ಉತ್ತರ ಇದೆ. ಅದು ಮಾತ್ರೆಯಲ್ಲಿದೆ, ಲ್ಯಾಬ್ ರಿಪೋರ್ಟ್‌ನಲ್ಲಿದೆ. ಜನರ ಭಯಕ್ಕೆ ಮಾತ್ರೆ ಇಲ್ಲ. ಅದನ್ನು ನಿಧಾನವಾಗಿ, ಒಬ್ಬೊಬ್ಬರನ್ನೇ ಅಳೆದು ನೋಡಿ ನಿಭಾಯಿಸಬೇಕು. ಕರ್ನಾಟಕದ ಸರ್ಕಾರಿ ಎಆರ್‌ಟಿ ಸೆಂಟರ್‌ಗೆ (ಎಚ್‌ಐವಿಗೆ ಮಾತ್ರೆ ಕೊಡುವ ಕೇಂದ್ರ) ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೇರೆ ಊರು, ಬೇರೆ ದೇಶದಲ್ಲಿರುವವರಿಗೂ ಬಹುಪಾಲು ಹೊಂದುತ್ತದೆ.

ಹಂತ 1: ಮೊದಲ ಕೆಲವು ವಾರ ದೊಡ್ಡ ತೀರ್ಮಾನ ಯಾವುದೂ ಬೇಡ

ಕೆಲಸ ಬಿಡುವುದು, ನಿಶ್ಚಿತಾರ್ಥ ಮುರಿಯುವುದು, ಜಮೀನು ಮಾರುವುದು, ಊರು ಬಿಡುವುದು, ಮನೆಯವರನ್ನೆಲ್ಲ ಕೂರಿಸಿಕೊಂಡು ಹೇಳಿಬಿಡುವುದು: ಈ ಯಾವುದನ್ನೂ ಈಗ ಮಾಡಬೇಡಿ. ಆಘಾತದಲ್ಲಿರುವ ತಲೆ ತಪ್ಪು ಲೆಕ್ಕ ಹಾಕುತ್ತದೆ. ಕೆಲವರು ಅಳುತ್ತಾರೆ. ಕೆಲವರಿಗೆ ಅಳುವೇ ಬರುವುದಿಲ್ಲ, ಸುಮ್ನೆ ಬಸ್ ಹತ್ತಿ ಮನೆಗೆ ಬಂದು ಎಂದಿನಂತೆ ಊಟ ಮಾಡುತ್ತಾರೆ, ವಾರ ಕಳೆದ ಮೇಲೆ ಕುಸಿಯುತ್ತಾರೆ. ಎರಡೂ ಸಹಜವೇ.

ಮೊದಲು ರಿಪೋರ್ಟ್ ಖಚಿತ ಮಾಡಿಕೊಳ್ಳಿ. ಆಪರೇಷನ್‌ಗೆ ಮುಂಚೆಯೋ ರಕ್ತದಾನ ಮಾಡಿದಾಗಲೋ ಒಂದೇ ಟೆಸ್ಟ್‌ನಲ್ಲಿ ಪಾಸಿಟಿವ್ ಅಂದಿದ್ದರೆ ಅಷ್ಟಕ್ಕೇ ನಂಬಬೇಕಿಲ್ಲ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಟೆಸ್ಟ್ ಮತ್ತು ಸಮಾಲೋಚನೆ ಕೇಂದ್ರ) ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿ ಆಮೇಲೆ ಪಾಸಿಟಿವ್ ಅಂತ ಹೇಳುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ಅಲ್ಲೇ ಆಪ್ತ ಸಮಾಲೋಚಕರೂ ಇರುತ್ತಾರೆ. ಮೊದಲ ದಿನ ಅವರು ಹೇಳಿದ್ದರಲ್ಲಿ ಅರ್ಧ ಕಿವಿಗೆ ಬಿದ್ದಿರುವುದಿಲ್ಲ. ಇನ್ನೊಂದು ದಿನ ಹೋಗಿ ಮತ್ತೆ ಕೇಳಿ. ಸಂಕೋಚ ಬೇಡ, ಅವರಿಗೆ ಇದು ಹೊಸದಲ್ಲ. ಮುಖ ತೋರಿಸುವುದಕ್ಕೆ ಮನಸ್ಸಿಲ್ಲದಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು. ಕರೆ ಉಚಿತ.

ರಾತ್ರಿ ಹೊತ್ತು ಮೊಬೈಲ್‌ನಲ್ಲಿ ಹುಡುಕುತ್ತಾ ಕೂರಬೇಡಿ. ನಮ್ಮಲ್ಲಿ ಬಹಳ ಜನರ ತಲೆಯಲ್ಲಿರುವ ಏಡ್ಸ್ ಚಿತ್ರ ತೊಂಬತ್ತರ ದಶಕದ್ದು. ತಲೆಬುರುಡೆ ಹಾಕಿದ ಗೋಡೆ ಬರಹ, ಎಲುಬು ಕಾಣುವ ರೋಗಿ, ಅದೇ. ಭಾರತದಲ್ಲಿ ಸರ್ಕಾರ ಉಚಿತವಾಗಿ ಎಆರ್‌ಟಿ ಮಾತ್ರೆ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ನೀವು ಹೆದರುತ್ತಿರುವ ಚಿತ್ರ ಅದಕ್ಕೂ ಹಿಂದಿನದು. ಇವತ್ತು ಬೇಗ ಮಾತ್ರೆ ಶುರು ಮಾಡಿ ತಪ್ಪದೆ ತಗೊಂಡವರು ಹೆಚ್ಚುಕಡಿಮೆ ಎಲ್ಲರಷ್ಟೇ ಆಯಸ್ಸು ಬದುಕುತ್ತಾರೆ.

ಇನ್ನು ಸಾಯುವ ಯೋಚನೆ. ಮೊದಲ ದಿನಗಳಲ್ಲಿ ಅದು ಬಹಳ ಜನರಿಗೆ ಒಂದು ಸಲವಾದರೂ ಬಂದುಹೋಗುತ್ತದೆ. ಬಂದರೆ ಒಬ್ಬರೇ ಇರಬೇಡಿ. ಕಾರಣ ಹೇಳದಿದ್ದರೂ ಪರವಾಗಿಲ್ಲ, "ನನಗೆ ಇವತ್ತು ಒಬ್ಬನೇ ಇರೋಕೆ ಆಗ್ತಿಲ್ಲ" ಅಂತ ಯಾರ ಮನೆಗಾದರೂ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ತೀರಾ ಜೀವಕ್ಕೆ ಅಪಾಯ ಅನ್ನಿಸಿದರೆ 112, ಇಲ್ಲವೇ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿ. ಮನೆಯವರಿಗೆ ಒಂದು ಮಾತು: ಹೊಲಕ್ಕೆ ಹೊಡೆಯುವ ಔಷಧಿ, ಜಾಸ್ತಿ ಮಾತ್ರೆಗಳು ಮನೆಯಲ್ಲಿದ್ದರೆ ಈ ಸಮಯದಲ್ಲಿ ಬೇರೆಯವರ ಸುಪರ್ದಿಗೆ ಕೊಡಿ.

ಹಂತ 2: ಮಾತ್ರೆ ಶುರು ಮಾಡಿ, ವೈರಲ್ ಲೋಡ್ ರಿಪೋರ್ಟ್‌ಗೆ ಕಾಯಿರಿ

ಮನಸ್ಸಿನ ಬಗ್ಗೆ ಬರೆಯಲು ಕೂತು ಮಾತ್ರೆ ವಿಷಯ ಯಾಕೆ ಅಂತೀರಾ? ರೋಗದ ಭಯ ಕಡಿಮೆಯಾಗುವುದು ಸಮಾಧಾನದ ಮಾತಿನಿಂದಲ್ಲ, ಒಂದು ಸಂಖ್ಯೆಯಿಂದ. ಅದೇ ವೈರಲ್ ಲೋಡ್, ಅಂದರೆ ರಕ್ತದಲ್ಲಿ ಎಷ್ಟು ವೈರಸ್ ಇದೆ ಅನ್ನುವ ಲೆಕ್ಕ.

2017ರಿಂದ ನಮ್ಮ ದೇಶದಲ್ಲಿ ಸಿಡಿ4 (ರೋಗ ತಡೆಯುವ ರಕ್ತಕಣಗಳ ಲೆಕ್ಕ) ಎಷ್ಟೇ ಇರಲಿ, ಪಾಸಿಟಿವ್ ಅಂತ ಖಚಿತವಾದವರಿಗೆಲ್ಲ ಚಿಕಿತ್ಸೆ ಕೊಡುತ್ತಾರೆ. ಈಗ ದೊಡ್ಡವರಿಗೆ ಸಾಮಾನ್ಯವಾಗಿ ಕೊಡುವುದು ಟಿಎಲ್‌ಡಿ. ಮೂರು ಔಷಧಿ ಸೇರಿ ಒಂದೇ ಮಾತ್ರೆ, ದಿನಕ್ಕೆ ಒಂದು. ಶುರು ಮಾಡಿ 6 ತಿಂಗಳಿಗೆ ವೈರಲ್ ಲೋಡ್ ಟೆಸ್ಟ್ ಮಾಡುತ್ತಾರೆ, ಮತ್ತೆ 12ನೇ ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ. ತಪ್ಪದೆ ತಗೊಂಡವರಲ್ಲಿ ಬಹುಪಾಲು ಜನರಿಗೆ ಅಷ್ಟರಲ್ಲಿ ವೈರಸ್ ಟೆಸ್ಟ್‌ಗೆ ಸಿಗದಷ್ಟು ಇಳಿದಿರುತ್ತದೆ. ಆ ರಿಪೋರ್ಟ್ ಕೈಗೆ ಬಂದ ದಿನ ಬೀಳುವ ಉಸಿರೇ ಬೇರೆ. ಅಲ್ಲಿಯವರೆಗೆ ಬರುವ ಪ್ರತಿ ನೆಗಡಿ, ಪ್ರತಿ ಬೇಧಿ ಕೊನೆಗಾಲದ ಸೂಚನೆ ಅಂತಲೇ ಅನ್ನಿಸುತ್ತದೆ. ಡಾಕ್ಟರಿಗೆ ತೋರಿಸಿ, ತೀರ್ಪು ನೀವೇ ಕೊಟ್ಟುಕೊಳ್ಳಬೇಡಿ.

ಮಾತ್ರೆಗೂ ಮನಸ್ಸಿಗೂ ಇನ್ನೊಂದು ನಂಟು ಇದೆ. ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಕೆಲವರಿಗೆ ನಿದ್ದೆ ಕೆಡಿಸುತ್ತದೆ. ಮೊದಲು ಕೊಡುತ್ತಿದ್ದ ಎಫಾವಿರೆನ್ಜ್‌ನಿಂದ ತಲೆ ಸುತ್ತು, ವಿಚಿತ್ರ ಕನಸು ಬರುತ್ತಿದ್ದವು. ಮಾತ್ರೆ ಶುರು ಮಾಡಿದ ಮೇಲೆ ನಿದ್ದೆ ಹೋಯಿತು, ಮನಸ್ಸು ಕುಗ್ಗಿತು ಅನ್ನಿಸಿದರೆ "ನನ್ನ ಮನಸ್ಸೇ ವೀಕು" ಅಂತ ಸುಮ್ಮನಾಗಬೇಡಿ. ಎಆರ್‌ಟಿ ಡಾಕ್ಟರಿಗೆ ಹೇಳಿ. ರಾತ್ರಿ ಬದಲು ಬೆಳಿಗ್ಗೆ ತಗೊಂಡರೆ ಎಷ್ಟೋ ಜನಕ್ಕೆ ಸರಿಹೋಗುತ್ತದೆ. ನೀವಾಗಿಯೇ ನಿಲ್ಲಿಸುವುದು ಮಾತ್ರ ಬೇಡವೇ ಬೇಡ.

ಡಬ್ಬಿ ಮುಚ್ಚಳ ತೆಗೆದಾಗಲೆಲ್ಲ ರೋಗ ನೆನಪಾಗುತ್ತದೆ ಅನ್ನುವವರು ಬಹಳ. ಅದಕ್ಕೊಂದು ಉಪಾಯ: ಮಾತ್ರೆಯನ್ನು ದಿನಾ ಮಾಡುವ ಇನ್ನೊಂದು ಕೆಲಸಕ್ಕೆ ಗಂಟು ಹಾಕಿ. ಬೆಳಗಿನ ತಿಂಡಿಯಾದ ತಕ್ಷಣ, ಅಥವಾ ಮಗುವಿನ ಟಿಫನ್ ಡಬ್ಬಿ ಕಟ್ಟಿದ ತಕ್ಷಣ. ಕೆಲವು ತಿಂಗಳಲ್ಲಿ ಅದು ಯೋಚನೆ ಇಲ್ಲದ ಅಭ್ಯಾಸವಾಗುತ್ತದೆ. ಒಂದು ದಿನ ಮರೆತರೆ ನೆನಪಾದಾಗ ತಗೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಎರಡನ್ನೂ ಒಟ್ಟಿಗೆ ನುಂಗಬೇಡಿ.

ಎಆರ್‌ಟಿ ಸೆಂಟರ್ ಹೊರಗೆ ನಿಂತು ನೋಡಿದರೆ ಒಂದು ದೃಶ್ಯ ಸಾಮಾನ್ಯ. ಮಾತ್ರೆ ತಗೊಂಡು ಹೊರಬಂದವರು ಉಗುರಿನಲ್ಲಿ ಡಬ್ಬಿಯ ಲೇಬಲ್ ಕೆರೆದು ತೆಗೆಯುತ್ತಾರೆ. ಬ್ಯಾಗಿನಲ್ಲಿ ಗಲಗಲ ಅನ್ನಬಾರದು ಅಂತ ಒಳಗೆ ಹತ್ತಿ ತುರುಕುತ್ತಾರೆ. ಹಾಗೆ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದವರಿಗೆ ಅದು ಅಗತ್ಯ. ಆದರೆ ಮಾತ್ರೆಗೆ ತೇವ ತಾಕಬಾರದು. ಆದ್ದರಿಂದ ಕಾಗದದಲ್ಲಿ ಸುತ್ತಿಡಬೇಡಿ, ಡಬ್ಬಿಯೊಳಗೆ ತೇವ ಹೀರಲು ಹಾಕಿರುವ ಪುಟ್ಟ ಪೊಟ್ಟಣವನ್ನು ಎಸೆಯಬೇಡಿ.

ಹಂತ 3: "ಯಾರಿಂದ ಬಂತು" ಅನ್ನುವುದನ್ನು ಪಕ್ಕಕ್ಕಿಡಿ

ನಿದ್ದೆ ಕೆಡಿಸುವುದರಲ್ಲಿ ಈ ಪ್ರಶ್ನೆಗೆ ಮೊದಲ ಸ್ಥಾನ. ಮಾಮೂಲಿ ಟೆಸ್ಟ್ ನಿಮ್ಮ ಮೈಯಲ್ಲಿ ಸೋಂಕು ಇದೆಯಾ ಇಲ್ಲವಾ ಅಂತ ಹೇಳುತ್ತದೆ. ಯಾವಾಗ ಬಂತು, ಯಾರಿಂದ ಬಂತು ಅಂತ ಹೇಳುವುದಿಲ್ಲ. ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಇರಬಹುದು.

ಇದು ಹೆಂಗಸರಿಗೆ ಗೊತ್ತಿರಲೇಬೇಕು. ಬಸುರಿಯಾದಾಗ ತಪಾಸಣೆಯಲ್ಲಿ ಎಚ್‌ಐವಿ ಟೆಸ್ಟ್ ಕೂಡ ಮಾಡುವುದರಿಂದ ಎಷ್ಟೋ ಮನೆಗಳಲ್ಲಿ ಮೊದಲು ಪಾಸಿಟಿವ್ ಅಂತ ಗೊತ್ತಾಗುವುದು ಸೊಸೆಗೆ. ತಕ್ಷಣ ಅತ್ತೆ ಮನೆಯವರು "ಇವಳೇ ತಂದಿದ್ದು" ಅಂದುಬಿಡುತ್ತಾರೆ. ಮೊದಲು ಟೆಸ್ಟ್ ಆದವರಿಗೇ ಮೊದಲು ಸೋಂಕು ಬಂದಿತ್ತು ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಈ ಮಾತನ್ನು ನಿಮ್ಮ ಬಾಯಲ್ಲಿ ಕೇಳದ ಮನೆಯವರು ಸಮಾಲೋಚಕರ ಬಾಯಲ್ಲಿ ಕೇಳುತ್ತಾರೆ. ಗಂಡನನ್ನು ಕರೆದುಕೊಂಡು ಹೋಗಿ ಅವರ ಕೈಲೇ ಹೇಳಿಸಿ.

ಇನ್ನು ತನ್ನಿಂದಲೇ ತಪ್ಪಾಯಿತು ಅಂತ ಕೊರಗುವವರು. ಪಶ್ಚಾತ್ತಾಪಕ್ಕೆ ಒಂದು ಕೆಲಸ ಕೊಡಿ: ಹೆಂಡತಿಗೆ ಅಥವಾ ಗಂಡನಿಗೆ, ಬೇಕಿದ್ದರೆ ಮಕ್ಕಳಿಗೆ ಟೆಸ್ಟ್ ಮಾಡಿಸಿ. ಅದು ಮುಗಿದ ಮೇಲೆ ದಿನಾ ತನಗೆ ತಾನೇ ಶಿಕ್ಷೆ ಕೊಟ್ಟುಕೊಳ್ಳುವುದರಿಂದ ಯಾರಿಗೂ ಲಾಭ ಇಲ್ಲ. ಕುಡಿತಕ್ಕೆ ಬೀಳುವವರು ಹೆಚ್ಚಾಗಿ ಇಲ್ಲೇ ಬೀಳುತ್ತಾರೆ. ಕುಡಿದ ರಾತ್ರಿ ಮಾತ್ರೆ ತಪ್ಪುತ್ತದೆ, ಮಾತ್ರೆ ತಪ್ಪಿದ್ದಕ್ಕೆ ಮತ್ತೆ ಕೊರಗು.

ಪೂರ್ವಜನ್ಮದ ಪಾಪ ಅನ್ನುವವರೂ ಸಿಗುತ್ತಾರೆ. ದೇವರಲ್ಲಿ ನಂಬಿಕೆ ಇದ್ದರೆ ಹರಕೆ ಹೊರಿ, ಜಾತ್ರೆಗೆ ಹೋಗಿ, ನಮಾಜು ಮಾಡಿ, ಚರ್ಚ್‌ಗೆ ಹೋಗಿ. ಮನಸ್ಸಿಗೆ ಅದರಿಂದ ಸಿಗುವ ಬಲ ಸುಳ್ಳಲ್ಲ. ಆದರೆ "ಮಾತ್ರೆ ಬಿಡು, ಪೂರ್ತಿ ವಾಸಿ ಮಾಡ್ತೀನಿ" ಅಂತ ನಾಟಿ ಔಷಧಿಯವರೋ ಪವಾಡದವರೋ ಹೇಳಿದರೆ ಎದ್ದು ಬನ್ನಿ. ವೈರಸ್ಸನ್ನು ಮೈಯಿಂದ ಪೂರ್ತಿ ತೆಗೆಯುವ ಔಷಧಿ ಯಾರ ಅಂಗಡಿಯಲ್ಲೂ ಇಲ್ಲ.

ಹಂತ 4: ಯಾರಿಗೆ ಹೇಳುವುದು, ಯಾರಿಗೆ ಬೇಡ

ಜನರ ಭಯ ಇಲ್ಲಿಂದ ಶುರು. ಗುಟ್ಟನ್ನು ಒಬ್ಬರೇ ಹೊತ್ತರೆ ಬೆನ್ನು ಮುರಿಯುತ್ತದೆ, ಊರಿಗೆಲ್ಲ ಹೇಳಿದರೆ ಬಾಯಿ ಮುಚ್ಚಿಸಲು ಆಗುವುದಿಲ್ಲ. ನನ್ನ ಪ್ರಕಾರ ಸಂಗಾತಿ ಬಿಟ್ಟು ಮೊದಲ ವರ್ಷ ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ ಹೇಳಿದರೆ ಸಾಕು.

ಒಂದು ಹಾಳೆಯಲ್ಲಿ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಮೂರು ಪ್ರಶ್ನೆ. ಇವರಿಗೆ ಹೇಳಿದರೆ ನನಗೇನು ಸಿಗುತ್ತದೆ? ಇವರು ಹಿಂದೆ ಯಾರದಾದರೂ ಗುಟ್ಟು ಕಾಪಾಡಿದ್ದು ಗೊತ್ತಾ? ನಾಳೆ ಇವರ ಜೊತೆ ಜಗಳವಾದರೆ ಇದನ್ನೇ ಎತ್ತಿ ಆಡುತ್ತಾರಾ? ಮೂರನೆಯ ಪ್ರಶ್ನೆಗೆ "ಆಡಬಹುದು" ಅನ್ನಿಸಿದರೆ ಆ ಹೆಸರು ಹೊಡೆದುಹಾಕಿ, ಎಷ್ಟೇ ಹತ್ತಿರದವರಾಗಿರಲಿ. ನೋಡಿದ ಮೇಲೆ ಹಾಳೆ ಹರಿದು ಎಸೆಯಿರಿ.

ಹೇಳುವುದಕ್ಕೆ ಮುಂಚೆ ಅಳೆದು ನೋಡುವ ದಾರಿಯೂ ಇದೆ. ಟೀವಿಯಲ್ಲಿ ಏಡ್ಸ್ ಬಗ್ಗೆ ಏನೋ ಬಂದಾಗ, ಇಲ್ಲವೇ ಡಿಸೆಂಬರ್ 1ರ ಏಡ್ಸ್ ದಿನದ ಜಾಥಾ ಕಂಡಾಗ ಸುಮ್ನೆ ಮಾತು ತೆಗೆಯಿರಿ. ಅವರು ಏನಂತಾರೆ ನೋಡಿ. "ಪಾಪ, ಈಗ ಮಾತ್ರೆ ಇದೆಯಂತೆ" ಅನ್ನುವವರು ಬೇರೆ, "ಮಾಡಿದ್ದುಣ್ಣೋ ಮಹಾರಾಯ" ಅನ್ನುವವರು ಬೇರೆ.

ಹೇಳುವ ದಿನ ಮದುವೆ, ಹಬ್ಬ, ಜಗಳದ ಹೊತ್ತು ಬೇಡ. ಫೋನ್‌ಗಿಂತ ಎದುರು ಕೂತು ಹೇಳುವುದು ಲೇಸು. ವಾಟ್ಸಾಪ್‌ನಲ್ಲಂತೂ ಬೇಡ, ಅಕ್ಷರ ಉಳಿಯುತ್ತದೆ, ಫಾರ್ವರ್ಡ್ ಆಗುತ್ತದೆ. ಮಾತನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ. ತಮ್ಮ ಅಕ್ಕನಿಗೆ ಹೇಳುವುದಾದರೆ ಹೀಗಿರಬಹುದು:

"ಅಕ್ಕಾ, ನಿನ್ನ ಹತ್ರ ಒಂದು ವಿಷಯ ಹೇಳ್ಬೇಕು. ನಂಗೆ ಎಚ್‌ಐವಿ ಇದೆ ಅಂತ ಗೊತ್ತಾಗಿದೆ. ಮಾತ್ರೆ ತಗೊಳ್ತಾ ಇದೀನಿ, ಡಾಕ್ಟ್ರು ಹೆದರೋದು ಬೇಡ ಅಂದಿದಾರೆ. ಅಮ್ಮಂಗೆ ಈಗ್ಲೇ ಹೇಳ್ಬೇಡ."

"ಹೆಂಗೋ ಬಂತು ಇದು?"

"ಅದನ್ನ ಇನ್ನೊಂದಿನ ಹೇಳ್ತೀನಿ ಅಕ್ಕಾ. ಈಗ ನಂಗೆ ಯಾರಾದ್ರೂ ಜೊತೆಗಿರ್ಬೇಕು, ಅಷ್ಟೇ."

"ಹೆಂಗೆ ಬಂತು" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಕೊಡಲೇಬೇಕು ಅಂತೇನಿಲ್ಲ, ಆದರೆ ಏನು ಹೇಳಿ ತಪ್ಪಿಸಿಕೊಳ್ಳಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಕೇಳಿದವರು ಮೊದಲ ಗಂಟೆಯಲ್ಲಿ ಆಡುವ ಮಾತನ್ನು ಕೊನೆಯ ಮಾತು ಅಂದುಕೊಳ್ಳಬೇಡಿ. ಅವರಿಗೂ ಅದು ಆಘಾತವೇ ಅಲ್ವಾ?

ಕಾನೂನು ನಿಮ್ಮ ಕಡೆ ಇದೆ. ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ, 2017, ಇದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ. ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆಯಲ್ಲಿ ಭೇದ ಮಾಡುವಂತಿಲ್ಲ. ಕೋರ್ಟ್ ಆದೇಶದಂಥ ಸಂದರ್ಭ ಬಿಟ್ಟರೆ ನಿಮ್ಮ ಸ್ಥಿತಿ ಹೇಳಿ ಅಂತ ಯಾರೂ ಬಲವಂತ ಮಾಡುವಂತಿಲ್ಲ. ಬಾಸ್‌ಗೆ, ಓನರ್‌ಗೆ, ಸಂಘದ ಹೆಂಗಸರಿಗೆ ಹೇಳಬೇಕಾದ ಬಾಧ್ಯತೆ ನಿಮಗಿಲ್ಲ.

ಹಂತ 5: ಗಂಡ ಹೆಂಡತಿ ನಡುವೆ

ಸಂಗಾತಿಯ ವಿಷಯ ಬೇರೆ. ಸೋಂಕು ಅವರಿಗೆ ತಗಲುವ ಸಾಧ್ಯತೆ ಇರುವುದರಿಂದ ಅವರಿಗೆ ಹೇಳಬೇಕು, ಮದುವೆಗೆ ಮುಂಚೆಯಾದರೆ ಖಂಡಿತ ಹೇಳಬೇಕು. ಹೇಳಲು ಬಾಯಿ ಬರದಿದ್ದರೆ ಸಮಾಲೋಚಕರ ಮುಂದೆ ಕೂರಿಸಿಕೊಂಡು ಹೇಳಬಹುದು. ಹೇಳಿದರೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಹಾಕುತ್ತಾರೆ ಅನ್ನುವ ಭಯ ಇರುವ ಹೆಂಗಸರ ಸ್ಥಿತಿಯನ್ನು ಕಾಯ್ದೆಯೂ ಗಣನೆಗೆ ತಗೊಂಡಿದೆ. ಅಂಥ ಕಡೆ ಆಸ್ಪತ್ರೆಯವರು ಗಂಡನಿಗೆ ಹೇಳುವಂತಿಲ್ಲ. ಮೊದಲು ಆ ಭಯವನ್ನೇ ಸಮಾಲೋಚಕರಿಗೆ ಹೇಳಿ.

ದಾಂಪತ್ಯ ಮುಗಿಯಿತು ಅಂದುಕೊಂಡು ಬೇರೆ ಚಾಪೆ ಹಾಸಿಕೊಂಡು ವರ್ಷಗಟ್ಟಲೆ ಮುಟ್ಟದೆ ಮಲಗುವವರಿದ್ದಾರೆ. ಅದು ಬೇಕಾಗಿಲ್ಲ. ವೈರಲ್ ಲೋಡ್ ಟೆಸ್ಟ್‌ಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ತಗಲುವುದಿಲ್ಲ. ಯೂರೋಪಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಒಬ್ಬರಿಗೆ ಸೋಂಕಿದ್ದು ಮಾತ್ರೆ ತಗೊಳ್ಳುತ್ತಿದ್ದ 782 ಪುರುಷ ಜೋಡಿಗಳನ್ನು ಗಮನಿಸಿತು. ಕಾಂಡೋಮ್ ಇಲ್ಲದೆ 76 ಸಾವಿರ ಸಲ ಸಂಪರ್ಕವಾದರೂ ಸಂಗಾತಿಯಿಂದ ಸಂಗಾತಿಗೆ ಒಂದು ಸೋಂಕೂ ಹರಡಿರಲಿಲ್ಲ. ಗಂಡು ಹೆಣ್ಣಿನ ಜೋಡಿಗಳಲ್ಲೂ ಇದೇ ಕಂಡುಬಂದಿದೆ. ರಿಪೋರ್ಟ್ ಬರುವವರೆಗೆ ಕಾಂಡೋಮ್ ಬಳಸಿ. ಆಮೇಲೂ ಬೇರೆ ಗುಪ್ತರೋಗ, ಬೇಡದ ಬಸಿರು ತಡೆಯಲು ಅದು ಬೇಕಾಗುತ್ತದೆ. ಎದೆಹಾಲು, ಸೂಜಿಯ ವಿಷಯಕ್ಕೆ ಈ ಮಾತು ಹಾಗೇ ಅನ್ವಯಿಸುವುದಿಲ್ಲ.

ಮಗು ಬೇಕು ಅನ್ನುವವರು ಎಆರ್‌ಟಿ ಡಾಕ್ಟರ ಹತ್ತಿರ ಮೊದಲೇ ಮಾತಾಡಿ. ತಾಯಿ ತಪ್ಪದೆ ಮಾತ್ರೆ ತಗೊಂಡರೆ ಮಗುವಿಗೆ ಬರುವ ಸಾಧ್ಯತೆ ತುಂಬಾ ಕಡಿಮೆ.

ಹಂತ 6: ಮಕ್ಕಳಿಗೆ

ಮಗುವಿಗೇ ಸೋಂಕಿದ್ದರೆ ಒಂದೇ ದಿನ ಎಲ್ಲ ಹೇಳಬೇಡಿ, ಹರೆಯ ಬರುವವರೆಗೆ ಮುಚ್ಚಿಯೂ ಇಡಬೇಡಿ. ಆರೇಳು ವರ್ಷಕ್ಕೆ "ನಿನ್ನ ಮೈಯಲ್ಲಿ ಕಾವಲು ಕಾಯೋ ಸೈನಿಕರು ಇದಾರೆ, ಈ ಮಾತ್ರೆ ಅವರಿಗೆ ಬಲ ಕೊಡುತ್ತೆ" ಅಂದರೆ ಸಾಕು. ಎಚ್‌ಐವಿ ಅನ್ನುವ ಹೆಸರನ್ನು ಹತ್ತು ಹನ್ನೆರಡರ ಹೊತ್ತಿಗೆ, ಸಮಾಲೋಚಕರ ನೆರವಿನಿಂದ ಹೇಳಿ. ನೆಂಟರ ಬಾಯಿಂದಲೋ ಪಾಠದ ಪುಸ್ತಕದಿಂದಲೋ ತಾನೇ ಕಂಡುಕೊಂಡ ಮಗು ಮೊದಲು ಬಿಡುವುದು ಮಾತ್ರೆಯನ್ನು, ಆಮೇಲೆ ನಿಮ್ಮ ಮೇಲಿನ ನಂಬಿಕೆಯನ್ನು.

ಹಂತ 7: ದುಃಖ ಯಾವಾಗ ಕಾಯಿಲೆಯಾಗುತ್ತದೆ

ಎಚ್‌ಐವಿ ಇರುವವರಲ್ಲಿ ಖಿನ್ನತೆ ಬೇರೆಯವರಿಗಿಂತ ಜಾಸ್ತಿ. ಎರಡು ಪ್ರಶ್ನೆ ಕೇಳಿಕೊಳ್ಳಿ. ಕಳೆದ ಎರಡು ವಾರದಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿ, ಬದುಕೇ ಬೇಡ ಅನ್ನಿಸಿದೆಯಾ? ಮೊದಲು ಇಷ್ಟವಾಗುತ್ತಿದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯಾ? ಒಂದಕ್ಕಾದರೂ ಹೌದು ಅಂದರೆ ತೋರಿಸಿಕೊಳ್ಳಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಲ್ಲಿ ಯಾವ ವಾರ ಅಂತ ವಿಚಾರಿಸಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದ್ದೇ ಇದೆ. ಎಆರ್‌ಟಿ ಮಾತ್ರೆ ತಗೊಳ್ಳುತ್ತಿರುವುದನ್ನು ಮನೋವೈದ್ಯರಿಗೆ ಹೇಳಲೇಬೇಕು, ಯಾಕೆಂದರೆ ಕಾರ್ಬಮಜೆಪೈನ್‌ನಂಥ ಕೆಲವು ಔಷಧಿ ಡೊಲುಟೆಗ್ರಾವಿರ್‌ನ ಬಲ ತಗ್ಗಿಸುತ್ತವೆ. ಖಿನ್ನತೆಯ ಬಹುಪಾಲು ಮಾತ್ರೆಗಳನ್ನು ಇದರ ಜೊತೆ ತಗೊಳ್ಳಬಹುದು.

ಹಂತ 8: ನಿಮ್ಮಂಥವರ ಜೊತೆ ಕೂರಿ

ಡಾಕ್ಟರು ನೂರು ಸಲ "ಏನೂ ಆಗಲ್ಲ" ಅಂದರೂ ಆಗದ ಧೈರ್ಯ, ಪಾಸಿಟಿವ್ ಆಗಿ ಹದಿನೈದಿಪ್ಪತ್ತು ವರ್ಷ ಆಗಿರುವ ಒಬ್ಬರು ಎದುರು ಕೂತು ಎಲೆಅಡಿಕೆ ಹಾಕಿಕೊಂಡು ಮಗಳ ಮದುವೆ ಸಾಲದ ಬಗ್ಗೆ ಗೊಣಗುವುದನ್ನು ಕೇಳಿದರೆ ಬರುತ್ತದೆ. ಸೋಂಕಿತರ ಸಂಘಗಳು ಇಂಥ ಭೇಟಿ ಮಾಡಿಸುತ್ತವೆ. ರಾಜ್ಯ ಮಟ್ಟದಲ್ಲಿ ಕೆಎನ್‌ಪಿ ಪ್ಲಸ್ ಇದೆ, ಬೆಂಗಳೂರಿನಲ್ಲಿ ಹೆಂಗಸರಿಗೆ ಮಿಲನ ಇದೆ. ನಿಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ ಅಂತ ಎಆರ್‌ಟಿ ಸಮಾಲೋಚಕರಿಗೆ ಗೊತ್ತಿರುತ್ತದೆ. ಪಕ್ಕದೂರಿನವರು ಸಿಕ್ಕಿಬಿಟ್ಟರೆ ಅಂತ ಹೆದರುವವರಿಗೆ ನೆನಪಿರಲಿ, ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ.

ಹಂತ 9: ವರ್ಷಗಳು ಕಳೆದ ಮೇಲೆ

ಮೂರನೇ, ನಾಲ್ಕನೇ ವರ್ಷದಲ್ಲಿ ಒಂಥರಾ ಬೇಸರ ಬರುತ್ತದೆ. ಮೈ ಚೆನ್ನಾಗಿದೆ, ಮತ್ತೆ ಮಾತ್ರೆ ಯಾಕೆ ಅನ್ನಿಸುತ್ತದೆ. ಮೈ ಚೆನ್ನಾಗಿರುವುದೇ ಮಾತ್ರೆಯಿಂದ. ಸ್ಥಿರವಾಗಿರುವವರಿಗೆ ಒಂದೇ ಸಲಕ್ಕೆ ಕೆಲವು ತಿಂಗಳ ಮಾತ್ರೆ ಕೊಡುವುದುಂಟು, ಕೇಳಿ. ದೂರದ ಸೆಂಟರ್‌ಗೆ ಅಲೆದು ಕೂಲಿ ಕಳೆದುಕೊಳ್ಳುವವರು ಹತ್ತಿರದ ಲಿಂಕ್ ಎಆರ್‌ಟಿ ಸೆಂಟರ್‌ಗೆ (ದೊಡ್ಡ ಸೆಂಟರ್‌ಗೆ ಸೇರಿದ ಸಣ್ಣ ಕೇಂದ್ರ) ಬದಲಿಸಿಕೊಳ್ಳಬಹುದು. ಕೆಲಸಕ್ಕೆ ಮುಂಬೈಗೋ ಗೋವಾಕ್ಕೋ ಹೊರಟರೆ ಗ್ರೀನ್ ಬುಕ್ (ಸೆಂಟರ್‌ನಲ್ಲಿ ಕೊಟ್ಟಿರುವ ನಿಮ್ಮ ಚಿಕಿತ್ಸೆಯ ಪುಸ್ತಕ) ಜೊತೆಗಿರಲಿ, ಅದನ್ನು ತೋರಿಸಿ ಅಲ್ಲಿನ ಎಆರ್‌ಟಿ ಸೆಂಟರ್‌ನಲ್ಲಿ ವಿಚಾರಿಸಬಹುದು.

ಮನೆಯವರು ಇಷ್ಟು ಮಾಡಿ

ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಬೇಡಿ. ಒಟ್ಟಿಗೆ ಉಂಡರೆ, ಒಂದೇ ಬಚ್ಚಲು ಬಳಸಿದರೆ, ಮಗುವನ್ನು ಮುದ್ದಾಡಿದರೆ ಎಚ್‌ಐವಿ ಬರುವುದಿಲ್ಲ. ರೇಜರ್, ಬ್ಲೇಡು ಮಾತ್ರ ಅವರವರದ್ದು ಇರಲಿ. "ಮಾತ್ರೆ ತಗೊಂಡ್ಯಾ" ಅಂತ ದಿನಾ ಪೊಲೀಸರ ಹಾಗೆ ಕೇಳಬೇಡಿ. ಸೆಂಟರ್‌ಗೆ ಹೋಗುವ ದಿನ ಜೊತೆಗೆ ಹೋಗಿ. ಸರದಿ ಉದ್ದ ಇರುತ್ತದೆ, ತಿಂಡಿ ಕಟ್ಟಿಕೊಂಡು ಹೋಗಿ.